ತುಟಿಗೆ ಹಚ್ಚಿ ನೋಡೋ ಚಟ

ಯಾವ ಅರಿವಿ ಕೈಗೆ ಸಿಕ್ಕರೂ ನಾ ಅದರ ಚುಂಗು ಹಿಡದು ಮ್ಯಾಲಿನ ತುಟಿಗೆ ಒತ್ತಿ ನೋಡತೇನಿ. ಹೊಸಾ ಸೀರಿ ಇರಲಿ, ಒಲಿ ಒರಸೋ ಮಸಿಅರಿವಿ ಇರಲಿ, ಬಸ್ಸಿನಾಗ ಬಾಜು ಕುಂತಾಕಿ ಸೆರಗು ಇರಲಿ. ಬಸ್ಸಿನಾಗ ಒಮ್ಮೆ ಇದಕ್ಕ ಬೈಸಿಕೊಂಡೇನಿ, ಬೈಸಿಕೊಂಡ ಮ್ಯಾಲೂ ಬಿಟ್ಟಿಲ್ಲ. ತುಟಿಗೆ ಹತ್ತಿದ ಕೂಡಲೆ ನನಗ ತಿಳೀತೈತಿ, ಹಸಿ ಐತೋ ಒಣ ಐತೋ, ನೂಲು ಖರೇ ಹತ್ತೀದೋ ಏನರ ಬೆರಸ್ಯಾರೋ, ಟ್ರಂಕಿನಾಗ ಎಷ್ಟು ದಿನ ಬಿದ್ದಿತ್ತು. ಆದರ ತಿಳಕೊಳ್ಳಾಕ ಅಂತ ನೋಡತೇನಿ ಅಂದ್ರ ಸುಳ್ಳಾಗತೈತಿ. ನೋಡದಿದ್ರ ಕೈ ಸುಮ್ಮನ ಇರಂಗಿಲ್ಲ, ಅಷ್ಟ. ಚಟ ಅದು. ಈ ಚಟ ನನಗ ಎಲ್ಲಿಂದ ಬಂತು ಅನ್ನೂದರ ಮ್ಯಾಲ ನಮ್ಮ ತವರಮನ್ಯಾಗ ಆದಷ್ಟು ಜಗಳ ಬ್ಯಾರೆ ಯಾವದರ ಮ್ಯಾಲೂ ಆಗಿಲ್ಲ.

ಶಹಾಪುರದಾಗ ನಮ್ಮ ಮನಿ ರೈಲಿನ ಡಬ್ಬಿ ಇದ್ದಂಗ ಉದ್ದಕ ಇತ್ತು, ಒಂದರ ಹಿಂದ ಒಂದು ಮೂರು ಖೋಲಿ. ಮುಂದಿನ ಖೋಲ್ಯಾಗ ಎರಡು ಕುಣಿಮಗ್ಗ. ನೆಲದಾಗ ಕುಣಿ ತಗದು, ಅದರಾಗ ಕಾಲು ಇಳಿಬಿಟ್ಟು ಕುಂತು ನೇಯೂದು. ಒಂದು ಅಪ್ಪಂದು. ಇನ್ನೊಂದು ಅಜ್ಜಂದು, ಅಂವ ಸತ್ತ ಮ್ಯಾಲ ಅದರ ಕುಣಿಯೊಳಗ ಉಳ್ಳಾಗಡ್ಡಿ ಹಾಕತಿದ್ವಿ, ತಂಪಿರತೈತಿ ಅಂತ. ನಡುವಿನ ಖೋಲ್ಯಾಗ ದೇವರ ಜಗಲಿ, ಜ್ವಾಳದ ಚೀಲ, ಹಾಸಿಗಿ. ಹಿಂದಿನದು ಅಡಗಿಮನಿ, ಅದಕ್ಕ ಒಂದ ಬೆಳಕಿಂಡಿ. ಮುಂದ ಅಪ್ಪನ ಮಗ್ಗ ಖಟ್ ಖಟ್ ಅಂತಿದ್ರ ಹಿಂದ ಅವ್ವ ಅದರ ತಾಳಕ್ಕ ಸರಿಯಾಗಿ ರೊಟ್ಟಿ ಬಡೀತಿದ್ಲು. ಎಳಿ ಹರದು ಮಗ್ಗ ನಿಂತ್ರ ಆಕಿ ಕೈನೂ ನಿಲ್ಲತಿತ್ತು, ಹಂಚಿನ ಮ್ಯಾಲಿನ ರೊಟ್ಟಿ ಹತ್ತಿದ್ರೂ ಹತ್ತಲಿ. ಅಪ್ಪ ಉಣ್ಣಾಕ ಮ್ಯಾಲ ಏಳತಿದ್ದಿಲ್ಲ. ಕುಣಿಯೊಳಗ ಕುಂತ, ತೊಡಿ ಮ್ಯಾಲ ಗಂಗಾಳ ಇಟಗೊಂಡು, ರೊಟ್ಟಿ, ಮಡಕಿಕಾಳಿನ ಪಲ್ಯ, ಕೆಂಪು ಮೆಣಸಿನಕಾಯಿ ಹಿಂಡಿ ತಿಂದು, ಗಂಗಾಳ ಅಲ್ಲೇ ಬಾಜುಕ ಸರಸಿ ಮತ್ತ ಲಾಳಿ ಹಿಡೀತಿದ್ದ. ತಾವು ಮಾಡೂದು ಚಟ ಅಂತ ಇಬ್ಬರಿಗೂ ಒಂದಿನಾನೂ ಅನಸಲಿಲ್ಲ. ಮಂದಿ ಮಾಡಿದ್ರಷ್ಟ ಅದು ಚಟ.

ಮನ್ಯಾಗ ನಾಕನೇದಾಕಿ ನಮ್ಮತ್ತಿ ತಂಗೆವ್ವ, ಅಪ್ಪನ ತಂಗಿ. ಜಗಲಿ ಬಾಜು ಗ್ವಾಡಿಗೆ ಆನಿಕೊಂಡು ಕುಂತು ರಾಟಿ ತಿರುವಿ ಕಂಡಿಕಿ ಸುತ್ತತಿದ್ಲು, ಅಂದ್ರ ಲಾಳಿಯೊಳಗ ಹಾಕೋ ನೂಲಿನ ಕಡ್ಡಿ. ಆಕಿನ್ನ ಖಾನಾಪುರದ ಕಡೆ ಗುಂಜಿಗೆ ಕೊಟ್ಟಿದ್ರು. ಒಂದ ಮಳಿಗಾಲಕ್ಕ ತಿರುಗಿ ಬಂದ್ಲು. ಗುಂಜಿ ಅಂದ್ರ ಅಡವಿ ಅಂಚಿನ ಊರು, ಅಲ್ಲಿ ಮಳಿ ಹತ್ತಿದ್ರ ನಾಕು ತಿಂಗಳು ಅರಿವಿ ಒಣಗಂಗಿಲ್ಲ, ಒಲಿ ಮ್ಯಾಲಿನ ಹಗ್ಗಕ್ಕ ಹಾಕಿ ಹೊಗಿಗೆ ಒಣಗಸಬೇಕು. ಅತ್ತಿಗೂ ನನ್ನಂಗನ ಚಟ. ದಿನಾ ಹಗ್ಗದ ಮ್ಯಾಲಿನ ಅರಿವಿ ಒಂದೊಂದ ತುಟಿಗೆ ಹಚ್ಚಿ, ಒಣಗಿದ್ದು ತಗೀತಿದ್ಲು. ಒಂದಿನ ಮಾವಶಿ, ಅಂದ್ರ ಆಕಿ ಗಂಡನ ಅವ್ವ, ದೇವರ ಪೂಜಾಕ್ಕ ಉಡೋ ಮಡಿ ಸೀರಿಗೆ ಸೊಸಿ ಬಾಯಿ ಹಚ್ಚೂದನ್ನ ಕಂಡ್ಲು. ಎಂಜಲಾ ಮಾಡಿದ್ಲು, ಇದಕ್ಕ ತಲಿ ನೆಟ್ಟಗಿಲ್ಲ ಅಂತ ಊರೆಲ್ಲಾ ಹೇಳಿ, ಒಂದು ಗಂಟು ಕಟ್ಟಿ ಗುಂಜಿ ಟೇಶನ್ನಿನಾಗ ರೈಲಿಗೆ ಕುಂಡ್ರಿಸಿ ಕಳಿಸಿದ್ರು. ಗಂಡ ಅನ್ನಾಂವ ಗಂಟು ಹೊತ್ತುಕೊಂಡು ಟೇಶನ್ ತನಕ ಬಂದಿದ್ನಂತ. ಅಷ್ಟರ ಮಾಡಿದ.

ಅತ್ತಿ ಆ ಚಟ ಬಿಡಲಿಲ್ಲ, ಮುಚ್ಚಿಟ್ಟುಕೊಂಡ್ಲು. ಅಪ್ಪಗ ಅದು ಬೇಕಾಗಿತ್ತು. ನೇಯೂದಕ್ಕ ಮೊದಲ ಹಾಸಿಗೆ, ಅಂದ್ರ ಮಗ್ಗಕ್ಕ ಉದ್ದಕ ಹಾಕೋ ಎಳಿಗೆ, ಗಂಜಿ ಉಣಸಬೇಕು. ಮುಂಜಾನೆ ಮುಂಜಾನೆ ಓಣಿ ಉದ್ದಕ್ಕೂ ಕವಿಗೋಲು ನಿಲ್ಲಿಸಿ ಹಾಸು ಎಳದು ಕಟ್ಟಿ, ದೊಡ್ಡ ಕುಂಚಗಿಲೆ ಗಂಜಿ ಹಚ್ಚಿ ತಿಕ್ಕತಿದ್ರು. ಅದು ಒಣಗಿದ ಮ್ಯಾಲ ಮಗ್ಗದ ದಿಂಡಿಗೆ ಸುತ್ತೂದು. ಹಸಿ ಇದ್ದಾಗ ಸುತ್ತಿದ್ರ ಎಳಿ ಒಂದಕ್ಕೊಂದು ಅಂಟಿ ಬೂಸರ ಹಿಡೀತೈತಿ, ಇಡೀ ಹಾಸು ಹೋತು. ಬಿಸಲಿಗೆ ಹೆಚ್ಚಿಗೆ ಬಿಟ್ರ ಎಳಿ ಕಡ್ಡಿಯಾಗಿ ಮಗ್ಗದ ಮ್ಯಾಲ ಪುಟುಪುಟು ಹರೀತಾವು. ನಡುವ ಒಂದೀಟ ಹೊತ್ತು ಸಿಗತೈತಿ, ಅದನ್ನ ಹಿಡೀಬೇಕು. ನೇಕಾರರ ಬೆರಳು ಜಡ್ಡುಗಟ್ಟಿರತಾವು, ಅವಕ್ಕ ತಿಳಿಯಂಗಿಲ್ಲ. ತುಟಿಗೆ ತಿಳೀತೈತಿ. ಹಿಂಗಾಗಿ ಗಂಜಿ ದಿನ ಅಪ್ಪ ಓಣ್ಯಾಗಿಂದ ತಂಗೆವ್ವಾ ನೀರು ತಾ ಅಂತ ಕೂಗತಿದ್ದ. ಅತ್ತಿ ತಂಬಿಗಿ ಹಿಡದು ಬಂದು, ಅಂವಗ ಕೊಟ್ಟು, ಸೀರಿ ನಿರಿಗಿ ಸರಿ ಮಾಡಿಕೊಂಡಂಗ ಬಗ್ಗಿ ಹಾಸಿಗೆ ತುಟಿ ತಾಗಿಸಿ ಏಳತಿದ್ಲು. ಹಸಿ ಇದ್ರ ತಂಬಿಗಿ ಅಲ್ಲೇ ಬಿಟ್ಟು ಒಳಗ ಹೋಗತಿದ್ಲು, ಒಣಗಿದ್ರ ಹೊಳ್ಳಿ ಒಯ್ಯತಿದ್ಲು. ಓಣಿ ಮಂದಿಗೆಲ್ಲಾ ಗೊತ್ತಿತ್ತು. ಯಾರೂ ಬಾಯಿ ಬಿಡತಿದ್ದಿಲ್ಲ. ಸೀರಿ ಒಯ್ಯೋ ಸಾವುಕಾರನ ಕಿವಿಗೆ ಎಂಜಲಾ ಅನ್ನೋ ಮಾತು ಬಿದ್ರ ಓಣಿ ಸೀರಿಗೆಲ್ಲಾ ಬಟ್ಟಾ ಹತ್ತಿ ಬೆಲಿ ಇಳೀತಿತ್ತು.

ಅವ್ವಗ ಇದೆಲ್ಲಾ ಸೈ, ಅತ್ತಿ ಮಟ್ಟಿಗೆ. ನಾ ಸುರು ಮಾಡಿದಾಗ ಆಕಿಗೆ ತಡೀಲಿಲ್ಲ. ಹಾಲು ಬಿಟ್ಟ ಕೂಸು ಇದ್ದಾಗಿಂದ ಕೌದಿ ಚುಂಗು ತುಟಿಗೆ ಹಚ್ಚಿಕೊಂಡ ಮಲಗತಿದ್ದೆನಂತ. ಸಾಲಿಗೆ ಹೋಗೋ ವ್ಯಾಳೇಕ್ಕ ಮಾಸ್ತರರ ಧೋತರದ ಚುಂಗಿಗೂ ಬಾಯಿ ಹಾಕಿದೆ, ಅವರು ಮನಿ ತನಕ ಬಂದು ಹೇಳಿ ಹೋದ್ರು. ಅವ್ವ ನನ್ನ ಮ್ಯಾಲಿನ ತುಟಿಗೆ ಹಿಂಡಿ ಖಾರ ತಿಕ್ಕಿದ್ಲು. ಉರೀತು, ಅಳಾಕ ಹತ್ತಿದೆ, ಮೂಗು ಒರಸಿಕೊಳ್ಳಾಕ ಆಕಿ ಸೆರಗ ಹಿಡದೆ, ಹಿಡದದ್ದನ್ನ ತುಟಿಗೆ ಹಚ್ಚಿದೆ. ಅವತ್ತ ಅವ್ವ ಅಪ್ಪನ ಮುಂದ ಹೋಗಿ ಕುಣಿ ದಂಡಿ ಮ್ಯಾಲ ನಿಂತು ಶಂಖಾ ಹೊಡದ್ಲು. ಇದು ನಿಮ್ಮ ಮನಿತನದ ರೋಗ, ನಿಮ್ಮ ರಕ್ತದಾಗ ಐತಿ, ತಂಗೀನ್ನ ತಂದು ಮನ್ಯಾಗ ಇಟಗೊಂಡ್ರಿ, ಈಗ ಮಗಳೂ ತಿರುಗಿ ಬರತಾಳ, ಇಬ್ಬರನ್ನೂ ಗ್ವಾಡಿಗೆ ಆನಿಸಿ ಕುಂಡ್ರಿಸಿಕೋರಿ ಅಂತ. ಅಪ್ಪ ಲಾಳಿ ಹೊಡಕೋತ ಕುಂತ. ಅತ್ತಿಗೆ ಎಲ್ಲಾ ಕೇಳಸತಿತ್ತು, ರಾಟಿ ನಿಲ್ಲಿಸಲಿಲ್ಲ. ಹಿಂಗ ವಾರಕ್ಕೊಂದು ಸಲ ಆಗತಿತ್ತು. ನಾ ಅದರಾಗ ದೊಡ್ಡಾಕಿ ಆದೆ.

ನನಗ ಹನ್ನೊಂದೋ ಹನ್ನೆರಡೋ ಇದ್ದಾಗ ಗುಂಜಿಯಿಂದ ಹೇಳಿಕಿ ಬಂತು. ಅತ್ತಿ ಗಂಡ ಮತ್ತೊಂದು ಲಗ್ನ ಆಗಿದ್ದಿಲ್ಲ. ಮಾಡೂಣು ಅಂತ ಹುಡುಕಿದ್ರಂತ, ತುಟಿ ಕಾರಣಕ್ಕ ಹೆಂಡತಿ ಬಿಟ್ಟಾಂವಗ ಯಾರು ಹೆಣ್ಣು ಕೊಡತಾರ. ಈಗ ಮಾವಶಿ ಬಿದ್ದು ಟೊಂಕ ಮುರಕೊಂಡು ಹಾಸಿಗಿ ಹಿಡದಿದ್ಲು, ಬೇಯಿಸಿ ಹಾಕಾಕ, ಎತ್ತಿ ಕುಂಡ್ರಿಸಾಕ ಕೈ ಬೇಕಾಗಿದ್ವು. ತಂಗೆವ್ವನ್ನ ಕರಕೊಂಡು ಹೋಗತೇವಿ, ಆದರ ಜಗಲಿ ಮುಂದ ಆಣಿ ಮಾಡಬೇಕು, ಇನ್ನು ಮ್ಯಾಲ ಅರಿವಿಗೆ ತುಟಿ ಹಚ್ಚಂಗಿಲ್ಲ ಅಂತ. ಇದು ಅವರ ಶರತ್ತು. ಅವ್ವಗ ಹಬ್ಬ ಬಂದಂಗಾತು. ಆಕಿನ್ನ ಕೆಟ್ಟಾಕಿ ಅನ್ನಬ್ಯಾಡ್ರಿ. ಗಂಡನ ಮನಿ ಸಿಗತೈತಿ, ಹಣಿಮ್ಯಾಲ ಕುಂಕುಮ ಇಟಗೊಂಡು ಬ್ಯಾರೆಯವರ ಮನ್ಯಾಗ ಇರೂದು ತಪ್ಪತೈತಿ ಅಂತ ಆಕಿ ಖರೇನ ತಿಳಕೊಂಡಿದ್ಲು. ಅತ್ತಿ ಹೋದ್ರ ನಂದೂ ಬಿಡತೈತಿ ಅಂತೂ ತಿಳಕೊಂಡಿದ್ಲು. ಅತ್ತಿನ್ನ ಮಾತ್ರ ಯಾರೂ ಕೇಳಲಿಲ್ಲ. ನನಗ ಒಂದ ತಿಳೀತಿತ್ತು. ಅತ್ತಿ ಹೋದ್ರ ಆ ಮನ್ಯಾಗ ಹಂಗಿರಾಕಿ ನಾ ಒಬ್ಬಾಕೆ. ಖಾರದ ಡಬ್ಬಿ ನನಗೊಬ್ಬಾಕಿಗೆ.

ಅವರು ಬರೋ ದಿನಾನ ಅಪ್ಪ ಓಣ್ಯಾಗ ಹಾಸು ಕಟ್ಟಿದ. ಮಳಿ ನಿಂತು ನಾಕು ದಿನ ಆಗಿತ್ತು, ಬಿಸಲು ಬಿದ್ದೈತಿ, ಬಿಟ್ರ ಮತ್ತ ಮೋಡ ಆಗತೈತಿ ಅಂದ. ಬೇಕಂತ ಮಾಡಿದ್ನೋ ಏನೋ ನಾ ಕೇಳಿಲ್ಲ. ಮುಂಜಾನೆ ರೈಲಿಗೆ ಇಬ್ಬರು ಬಂದ್ರು, ಅತ್ತಿ ಗಂಡ, ಗಂಡನ ಅಣ್ಣ. ಅಣ್ಣನ ಮಾತು ಎಲ್ಲಾ, ತಮ್ಮಂದು ಬರೇ ಟೊಪಗಿ. ಅತ್ತಿಗೆ ಹಸರು ಸೀರಿ ಉಡಿಸಿ, ಹೂವು ಮುಡಿಸಿ, ನಡುವಿನ ಖೋಲ್ಯಾಗ ಕುಂಡ್ರಿಸಿ, ಕರಿಯೂತನಕ ಹೊರಗ ಬರಬ್ಯಾಡ ಅಂತ ಅವ್ವ ಹೇಳಿದ್ಲು. ಗಂಜಿ ಹಚ್ಚೂದು ಮುಗದು, ಹಾಸು ಒಣಗಾಕ ಹತ್ತಿತ್ತು. ಬಂದವರು ಕಟ್ಟಿ ಮ್ಯಾಲ ಕುಂತು ನೋಡತಿದ್ರು. ಅಪ್ಪ ಎರಡು ಸಲ ಕೈಲೆ ಮುಟ್ಟಿ ನೋಡಿದ, ಮೂರನೇ ಸಲಾನೂ ನೋಡಿದ. ಬಾಗಲದ ಕಡೆ ಹೊಳ್ಳಿ ಬಾಯಿ ತಗದ, ಮುಚ್ಚಿದ. ನೀರು ತಾ ಅನ್ನಾಕ ಅವತ್ತ ಬರಂಗಿದ್ದಿಲ್ಲ. ಸುತ್ತಿದ್ರ ಹೋತೋ ಉಳೀತೋ ಗೊತ್ತಿಲ್ಲ, ಬಿಟ್ರೂ ಗೊತ್ತಿಲ್ಲ. ಅಂವನ ಮಾರಿ ನೋಡಿ ನನಗ ತಡೀಲಿಲ್ಲ. ನಾ ಹೋಗಿ ಬಗ್ಗಿ, ಎಲ್ಲರ ಮುಂದ, ಹಾಸಿಗೆ ತುಟಿ ಹಚ್ಚಿದೆ.

“ಹಸಿ ಐತಿ ಅಪ್ಪಾ,” ಅಂದೆ.

ಅಣ್ಣ ಅನ್ನಾಂವ ತಮ್ಮಗ ಮರಾಠಿಯೊಳಗ, ಹಿಲಾ ಪಣ ಆಹೇ, ಅಂದ್ರ ಇದಕ್ಕೂ ಐತಿ, ಅಂದ, ನಮಗ ತಿಳಿಯಬಾರದು ಅಂತ. ಅರ್ಧ ಮಂದಿ ಮರಾಠಿ ಆಡೋ ಶಹಾಪುರಕ್ಕ ಬಂದು ಮರಾಠಿಯೊಳಗ ಗುಟ್ಟು ಹೇಳತಾನ, ಅಂಥಾ ಶಾಣ್ಯಾ. ಓಣಿ ನಾಯಿಗೂ ತಿಳೀತು. ಆಮ್ಯಾಲ ಎದ್ದು ಬಂದು ತನ್ನ ಕೈ ಹಾಸಿನ ಮ್ಯಾಲ ಆಡಿಸಿ, ಖಡಕ್ ಒಣಗೇತಿ ಬೀಗರ, ಸುತ್ತಿಸ್ರಿ, ಹುಡುಗಿ ಮಾತು ಏನ ಕೇಳತೀರಿ ಅಂತ ಅಪ್ಪಗ ಹೇಳಿದ. ಭತ್ತ ಬೆಳೆಯಾಂವ ನೇಕಾರಗ ಹೇಳಿದ. ಅವ್ವ ನನ್ನ ಜಡಿ ಹಿಡದು ಹಿಂದಕ್ಕ ಎಳದ್ಲು. ಅಷ್ಟರಾಗ ಬಾಗಲದಾಗ ಹಸರು ಸೀರಿ ಕಾಣಿಸ್ತು. ಅತ್ತಿ ಬಂದ್ಲು. ಕೈಯಾಗ ತಂಬಿಗಿ ಇಲ್ಲ. ಬರೇ ಕೈ. ನಿರಿಗಿ ಸರಿ ಮಾಡಿಕೊಳ್ಳೂ ನೆವಾನೂ ಮಾಡಲಿಲ್ಲ. ಹಾಸಿನ ಈ ತುದಿಗೆ ಒಮ್ಮೆ, ಆ ತುದಿಗೆ ಒಮ್ಮೆ, ನಡುವ ಒಮ್ಮೆ ನಿಧಾನಕ ತುಟಿ ಹಚ್ಚಿದ್ಲು, ಗುಡ್ಯಾಗ ನಮಸ್ಕಾರ ಮಾಡಿದಂಗ. ಓಣಿ ಮಂದಿ ತಮ್ಮ ತಮ್ಮ ಕಟ್ಟಿ ಮ್ಯಾಲ ನಿಂತು ನೋಡಾಕತ್ತಿದ್ರು.

“ತುದಿ ಒಣಗ್ಯಾವು. ನಡುವ ಎರಡು ಮೊಳ ಹಸಿ ಐತಿ. ಇನ್ನೊಂದೀಟ ಬಿಡು ಅಣ್ಣಾ.”

“ತಂಗೆವ್ವಾ, ಇವತ್ತ ಆಣಿ ಮಾಡಾಕಿ ನೀ,” ಅಂದ ಗಂಡನ ಅಣ್ಣ.

“ಆಣಿ ಮಾಡಂಗಿಲ್ರಿ. ಬರಂಗೂ ಇಲ್ಲ. ನಿಮ್ಮವ್ವಗ ಮೈ ಹಗುರ ಆಗಲಿ.”

ಹಂಗಂದು ಆಕಿ ತನ್ನ ಗಂಡನ ಕಡೆ ಒಮ್ಮೆ ನೋಡಿದ್ಲು. ಅಂವ ಟೊಪಗಿ ತಗದು ಅದರ ಒಳಗ ಏನೋ ಹುಡುಕಾಕ ಹತ್ತಿದ. ಗಂಡನ ಅಣ್ಣಗ ಸಿಟ್ಟು ನೆತ್ತಿಗೇರಿತು. ಅಪ್ಪನ ಬಿಟ್ಟು ಅವ್ವನ ಕಡೆ ತಿರಗಿದ, ಆಕಿ ತನ್ನ ಪಕ್ಷ ಅಂತ ಅಂವಗ ಗೊತ್ತಿತ್ತು.

“ನೋಡಿದ್ರಿಲ್ಲರಿ ಅಕ್ಕಾರ, ಇದು ರಕ್ತದಾಗ ಬಂದದ್ದು. ನಾಳೆ ನಿಮ್ಮ ಹುಡುಗಿನ್ನೂ ಹಿಂಗ ಗಂಟು ಕಟ್ಟಿ ತಿರುಗಿ ಕಳಸತಾರ.”

ಇದು ಅವ್ವನ ಮಾತ. ವಾರಕ್ಕೊಮ್ಮೆ ಕುಣಿ ದಂಡಿ ಮ್ಯಾಲ ನಿಂತು ಆಕಿ ಹೇಳಿದ ಮಾತ, ಅಕ್ಷರ ಹಿಂದ ಮುಂದ ಇರಬಹುದು, ಅಷ್ಟ. ಆದರ ಬ್ಯಾರೆಯವರ ಬಾಯಾಗ ಕೇಳಿದಾಗ ಅದು ಆಕಿಗೆ ಹೆಂಗ ಕೇಳಿಸ್ತೋ. ನನ್ನ ಜಡಿ ಬಿಟ್ಲು. ಸೆರಗು ಟೊಂಕಕ್ಕ ಸಿಗಿಸಿದ್ಲು. ಹಾಸಿನ ನಡಕ ಹೋಗಿ, ಮೊಣಕಾಲಿಗೆ ಕೈ ಊರಿ, ತಾನೂ ಬಗ್ಗಿ ತುಟಿ ಹಚ್ಚಿದ್ಲು. ಭಾಳ ಹೊತ್ತು ಹಚ್ಚಿದ್ಲು, ರೂಢಿ ಇದ್ದಿಲ್ಲ ಆಕಿಗೆ. ಎದ್ದು ಅಂಗೈಲೆ ಬಾಯಿ ಒರಸಿಕೊಂಡು ಅಪ್ಪಗ ಹಸಿ ಐತಿ, ಸುತ್ತಬ್ಯಾಡ್ರಿ ಅಂದ್ಲು. ಆಮ್ಯಾಲ ಗುಂಜಿಯಾಂವಗ ಉತ್ತರ ಕೊಟ್ಲು.

“ಕಳಿಸಿದ್ರ ಕಳಸ್ಲಿ. ನಮ್ಮ ಬಾಗಲಾ ತಗದ ಇರತೈತಿ. ನೀವು ಚಾ ಕುಡದು ಹೊಂಡ್ರಿ, ರೈಲಿಗೆ ಹೊತ್ತಾಗತೈತಿ.”

ಅವರು ಚಾ ಕುಡೀಲಿಲ್ಲ. ಹಾಸು ಇನ್ನೊಂದು ತಾಸಿಗೆ ಸುತ್ತಿದ್ವಿ, ಮುಂದ ಅದರಾಗ ಆರು ಸೀರಿ ಆದ್ವು, ಒಂದು ಎಳೀನೂ ಅಂಟಿದ್ದಿಲ್ಲ. ಅವತ್ತ ಸಂಜಿಮುಂದ ಅಪ್ಪ ಎಂದೂ ಇಲ್ಲದ್ದು ಕುಣಿಯಿಂದ ಎದ್ದು ಅಡಗಿಮನ್ಯಾಗ ಬಂದು ನಮ್ಮ ಸಂಗಡ ಉಣ್ಣಾಕ ಕುಂತ. ಅತ್ತಿ ಹಸರು ಸೀರಿ ಬಿಚ್ಚಿರಲಿಲ್ಲ, ಚಲೋ ಐತಿ ಇರಲಿ ಅಂದ್ಲು. ಅವ್ವ ರೊಟ್ಟಿ ಬಡೀತ ಬಡೀತ ಮತ್ತ ಸುರು ಮಾಡಿದ್ಲು. ಅವರ ಮುಂದ ಅಂದೆ ಖರೆ, ಆದರ ಇದು ನಿಮ್ಮ ರಕ್ತದ್ದ, ನಮ್ಮ ತವರಮನ್ಯಾಗ ಇಂಥಾದ್ದು ಯಾರಿಗೂ ಇಲ್ಲ ಅಂತ. ಅಪ್ಪ ನಗಾಕ ಹತ್ತಿದ. ಅತ್ತಿನೂ ತಲಿ ತಗ್ಗಿಸಿ ನಗತಿದ್ಲು. ಆಮ್ಯಾಲ ಅಪ್ಪ ರೊಟ್ಟಿ ಮುರಕೋತ ಹೇಳಿದ, ತಂಗೆವ್ವ ನಮ್ಮ ರಕ್ತದಾಕಿ ಅಲ್ಲ. ಎದುರಿನ ಮನ್ಯಾಕಿ ಸತ್ತಾಗ ಆಕಿ ಆರು ತಿಂಗಳ ಕೂಸನ್ನ ಅಪ್ಪನ ಅವ್ವ ಉಡ್ಯಾಗ ಹಾಕಿಕೊಂಡು ತಂದು, ಅಪ್ಪನ ಸಂಗಡ ಸಾಕಿದ್ಲಂತ. ಲಗ್ನಕ್ಕ ಅಡ್ಡಿ ಆಗತೈತಿ ಅಂತ ಓಣಿ ಹಿರ್ಯಾರು ಸೈತ ಯಾರಿಗೂ ಹೇಳಿಲ್ಲ, ಹೇಳದ್ದು ಹಂಗ ಉಳೀತು. ಅವ್ವನ ಕೈ ನಿಂತಿತು. ಮಗ್ಗ ನಿಂತಿದ್ದಕ್ಕಲ್ಲ, ಮೊದಲನೇ ಸಲ.

“ಹಂಗಾದ್ರ ಇದಕ್ಕ ಎಲ್ಲಿಂದ ಬಂತು?” ಅಂತ ನನ್ನ ಕಡೆ ಬೊಟ್ಟು ಮಾಡಿದ್ಲು.

“ನಿನ್ನ ಹೊಟ್ಟ್ಯಾಗಿಂದ ಬಂದೈತಿ ಅದು. ನೀನ ಹೇಳು,” ಅಂದ ಅಪ್ಪ.

ಅವ್ವ ಹಂಚಿನ ಮ್ಯಾಲಿನ ರೊಟ್ಟಿ ತಗದು ನನ್ನ ಗಂಗಾಳಕ್ಕ ಒಗದ್ಲು. ಸೀದು ಹೋಗಿತ್ತು. ತಿಂದೆ.

ಆ ಮ್ಯಾಲ ಅತ್ತಿ ತಂಬಿಗಿ ಒಯ್ಯೂದು ಬಿಟ್ಲು. ಗಂಜಿ ದಿನ ಓಣಿ ಮಂದಿನ ಬಂದು, ತಂಗೆವ್ವಕ್ಕಾ ನಮ್ಮ ಹಾಸಿಗೂ ಒಮ್ಮೆ ಬಾ ಅಂತ ಕರೀತಿದ್ರು, ಬೀಗರು ಬಂದಂಗ ಕುಂಡ್ರಾಕ ಕಟಗಿ ಮಣಿ ಕೊಟ್ಟು ಚಾ ಕೊಡತಿದ್ರು. ನಾನೂ ಹಿಂದ ಹೋಗತಿದ್ದೆ. ಎಂಜಲಾ ಅನ್ನೋ ಮಾತು ಎದ್ದಿಲ್ಲಂತಲ್ಲ, ಎದ್ದಿತ್ತು, ಸಾವುಕಾರನ ತನಕಾನೂ ಹೋತು. ಅಂವ ಸೀರಿ ಬಿಡಿಸಿ ನೋಡಿದ, ಬೂಸರ ಇಲ್ಲ, ಗಂಟಿಲ್ಲ. ಮಡಚಿ ಒಯ್ದ. ಮುಂದ ಕರೆಂಟಿನ ಮಗ್ಗ ಬಂದ್ವು, ಗಂಜಿ ಉಂಡ ಹಾಸು ತಯಾರ ಆಗಿ ಬರಾಕ ಹತ್ತಿತು, ಓಣ್ಯಾಗ ಕವಿಗೋಲು ನಿಲ್ಲಸೂದು ಹೋತು. ನಮ್ಮ ತುಟಿಗೆ ಕೆಲಸಾ ಉಳೀಲಿಲ್ಲ. ನಾವೇನು ಬಿಟ್ವಿ? ಬಿಡಲಿಲ್ಲ. ಕೆಲಸಕ್ಕ ಬರತೈತಿ ಅಂತ ಮಾಡಿದ್ದಲ್ಲ ಅದು. ನಾವು ಮಾಡತಿದ್ವಿ, ಒಂದೀಟ ದಿನ ಕೆಲಸಕ್ಕ ಬಂತು. ಅತ್ತಿ ಸಾಯೂ ಮುಂದ ಸೈತ ನಾ ಹೊಚ್ಚಿದ ಚಾದರದ ಚುಂಗು ತುಟಿಗೆ ಒತ್ತಿ, ಇದು ಟೆರಿಕಾಟ ಐತಿ, ಬ್ಯಾರೆ ತಾ ಅಂದ್ಲು. ಬ್ಯಾರೆ ತಂದು ಹೊಚ್ಚಿದೆ.

ನನ್ನ ಲಗ್ನದ ಮಾತು ಬಂದಾಗ ಹೆಣ್ಣು ನೋಡಾಕ ಬಂದವರ ಮುಂದ ಅವ್ವನ ಮೊದಲ ಬಾಯಿ ತಗೀತಿದ್ಲು. ನಮ್ಮ ಹುಡುಗಿ ಅರಿವಿ ತುಟಿಗೆ ಹಚ್ಚಿ ನೋಡತಾಳ, ಹಾಡಾಕ ಬರಂಗಿಲ್ಲ, ರೊಟ್ಟಿ ಚಲೋ ಬಡೀತಾಳ, ಬೇಕಾದ್ರ ನೋಡ್ರಿ ಅಂತಿದ್ಲು. ಎರಡು ಮನಿಯವರು ಅವಲಕ್ಕಿ ತಿಂದು ಎದ್ದು ಹೋದ್ರು. ಮೂರನೇದವರು ಖಾನಾಪುರದವರು. ಹುಡುಗನ ಅವ್ವ ತನ್ನ ಸೆರಗ ಮುಂದ ಮಾಡಿ, ಹಂಗಾದ್ರ ಇದು ಏನೈತಿ ಹೇಳು ಅಂದ್ಲು. ಹೇಳಿದೆ, ಅಂಗಡಿಯಾಂವ ಆಕಿಗೆ ಮೋಸಾ ಮಾಡಿದ್ದ. ಆಕಿ ಅಲ್ಲೇ ಕುಂತ ಅಂಗಡಿಯಾಂವನ್ನ ಬೈದು, ನನ್ನ ಪಸಂದ ಮಾಡಿದ್ಲು. ನಲವತ್ತು ವರ್ಷ ಆ ಮನ್ಯಾಗ ಬಾಳೇವು ಮಾಡೇನಿ. ಯಾರೂ ಗಂಟು ಕಟ್ಟಲಿಲ್ಲ.

ನನ್ನ ಎರಡೂ ಮಕ್ಕಳಿಗೆ ಈ ಚಟ ಇಲ್ಲ. ರಕ್ತದಾಗ ಇದ್ದಿದ್ರ ಬರಬೇಕಾಗಿತ್ತು. ತೊಡಿ ಮ್ಯಾಲ ಕುಂತು ಬರತೈತಿ ಅಂದ್ರೂ ಬರಬೇಕಾಗಿತ್ತು, ನನ್ನ ತೊಡಿ ಮ್ಯಾಲ ಬೆಳದಾವು. ಬರಲಿಲ್ಲ. ಹೋದ ತಿಂಗಳು ಖಾಸಬಾಗದಾಗಿರೋ ಮಗಳು ಫೋನ್ ಮಾಡಿ, ಅವ್ವಾ ಜಲ್ದಿ ಬಾ ಅಂದ್ಲು. ಹೋದೆ. ಆಕಿ ಮಗಳು, ಆರು ವರ್ಷದ್ದು, ಕೈಗೆ ಸಿಕ್ಕದ್ದೆಲ್ಲಾ ಕಿವಿಗೆ ಹಚ್ಚಿಕೊಂಡು ಕುಂಡ್ರತೈತಿ. ವಾಟಗಾ, ಬಾಳಿಹಣ್ಣು, ಚಪ್ಪಲಿ. ಮೊದಲ ಬಡದು ನೋಡತೈತಿ, ಆಮ್ಯಾಲ ಕೇಳತೈತಿ. ಸಾಲ್ಯಾಗ ಬಾಜು ಕುಂತ ಹುಡುಗನ ತಲೀನೂ ಬಡದು ಕೇಳೇತಿ ಅಂತ ಟೀಚರ ಕರಿಸಿ ಹೇಳ್ಯಾರ. ಡಾಕ್ಟರಗೂ ತೋರಿಸ್ಯಾರ, ಕಿವಿ ಚಲೋ ಅದಾವಂತ. ಮಗಳು ಅಳೂದೊಂದು ಬಾಕಿ. ನಮ್ಮ ಪೈಕಿ ಕಿವಿಗೆ ಹಚ್ಚಾಕಿ ಯಾರೂ ಇಲ್ಲ, ಅಳಿಯನ ಪೈಕಿನೂ ಇಲ್ಲಂತ, ಕೇಳೇವಿ. ನಾ ಚಾ ಕುಡಕೋತ ಕುಂತಿದ್ದೆ. ಕೂಸು ಬಂದು ನನ್ನ ಮೊಣಕಾಲು ಟಕಟಕ ಬಡದು, ಕಿವಿ ಹಚ್ಚಿ, ಅಜ್ಜಿ ಇದು ಹಳೇದಾಗೇತಿ ಅಂತು. ಖರೇನ ಹೇಳಿತ್ತು. ಇನ್ನೊಂದೂ ಕೇಳು ಅಂತ ಮುಂದ ಮಾಡಿದೆ.

“ನೀನೂ ಹಂಗ ಮಾಡಿದ್ರ ಹೆಂಗ ಬೇ,” ಅಂದ್ಲು ಮಗಳು. “ಇದು ಎಲ್ಲಿಂದ ಬಂತು ಅಂತರ ಹೇಳು.”

“ಎಲ್ಲಿಂದರ ಬಂದಿರಲಿ. ಬಂದೈತಿ. ಅದಕ್ಕೂ ಕುಂಡ್ರಾಕ ಮಣಿ ಕೊಡು,” ಅಂದೆ.